ಸರ್ಕಾರದ ಹುಲ್ಲು

ಅರ್ಲೀನ್ ವಾನೆಕ್‌ಗೆ ಜನರ ಹೆಸರಿಗಿಂತ ಅವರ ಹೊಲದ ನಂಬರು ಮೊದಲು ನೆನಪಾಗುತ್ತಿತ್ತು. ದಿನಸಿ ಅಂಗಡಿಯಲ್ಲಿ ಹಾಲಿನ ಡಬ್ಬ ಹಿಡಿದು ನಿಂತವರನ್ನು ಕಂಡರೆ ‘ನಾನೂರ ಹನ್ನೆರಡು, ಹಳ್ಳದ ಪಕ್ಕದ ಸೋಯಾ’ ಎಂದು ಮನಸ್ಸು ಹೇಳಿಬಿಡುತ್ತಿತ್ತು. ಆಮೇಲೆ ನಗು, ಆಮೇಲೆ ಹೆಸರು, ಆಮೇಲೆ “ಮೊಮ್ಮಗುವಿಗೆ ಹಲ್ಲು ಬಂತಾ?” ಎಂಬ ವಿಚಾರಣೆ.

ನೆಬ್ರಾಸ್ಕದ ನಮ್ಮ ಈ ಕೌಂಟಿಯಲ್ಲಿ ಕೃಷಿ ಕಚೇರಿ ಇರುವುದು ಟೈರ್ ಅಂಗಡಿಗೂ ದನದ ಡಾಕ್ಟರ ಮನೆಗೂ ನಡುವೆ, ಕಾಫಿ ಅಂಗಡಿಗೆ ಸರಿಯಾಗಿ ಎದುರು. ಕಾಫಿ ಅಂಗಡಿಯಲ್ಲಿ ಕೂತು ಸರ್ಕಾರವನ್ನು ಬೈಯುವವರೂ, ರಸ್ತೆ ದಾಟಿ ಬಂದು ಸರ್ಕಾರದ ಫಾರಂಗೆ ಸಹಿ ಹಾಕುವವರೂ ಬೇರೆ ಬೇರೆ ಜನವಲ್ಲ. ನಡುವೆ ಇಪ್ಪತ್ತು ಹೆಜ್ಜೆ, ಅಷ್ಟೆ. ಆ ಇಪ್ಪತ್ತು ಹೆಜ್ಜೆಯಲ್ಲಿ ಟೋಪಿ ತಲೆಯಿಂದ ಕೈಗೆ ಬರುತ್ತದೆ, ದನಿ ಅರ್ಧಕ್ಕೆ ಇಳಿಯುತ್ತದೆ. ಜೋಳದ ಬೆಲೆ ಕುಸಿದಾಗ, ಆಲಿಕಲ್ಲು ಬಿದ್ದಾಗ, ಹೊಲವನ್ನು ಉಳದೆ ಹುಲ್ಲಿಗೆ ಬಿಟ್ಟಾಗ ಸರ್ಕಾರ ಕೊಡುವ ಹಣವೆಲ್ಲ ಅರ್ಲೀನಳ ಮೇಜಿನ ಮೇಲಿಂದಲೇ ಹೋಗಬೇಕು. ಆಕಾಶದಿಂದ ತೆಗೆದ ಹೊಲದ ಚಿತ್ರವನ್ನು ಮುಂದೆ ಹರಡಿ, ಎಲ್ಲಿ ಏನು ಬಿತ್ತಿದ್ದೀರಿ ಎಂದು ಕೇಳಿ, ಬಣ್ಣದ ಪೆನ್ಸಿಲಿನಲ್ಲಿ ಗೆರೆ ಎಳೆದು ಬರೆದುಕೊಳ್ಳುವುದು ಅವಳ ಕೆಲಸ. ತಾಯಂದಿರ ಜೊತೆ ಬಂದ ಮಕ್ಕಳಿಗೆ ಹಳೆಯ ಚಿತ್ರಗಳ ಹಿಂಬದಿಯಲ್ಲಿ ಗೀಚಲು ಅದೇ ಪೆನ್ಸಿಲ್ ಕೊಡುತ್ತಿದ್ದಳು. ಮಗು ಅತ್ತರೆ ಕಚೇರಿಯಲ್ಲಿ ಒಂದು ಸಾಲೂ ಸರಿಯಾಗಿ ತುಂಬುವುದಿಲ್ಲ ಎಂಬುದು ಎರಡು ಹೆತ್ತ ಅವಳಿಗೆ ಗೊತ್ತಿತ್ತು.

ಅವಳು ಈ ಕೆಲಸಕ್ಕೆ ಸೇರಿದ್ದು ಮೂವತ್ತೊಂದನೇ ವಯಸ್ಸಿನಲ್ಲಿ. ಹಂದಿಯ ಬೆಲೆ ನೆಲಕಚ್ಚಿ ಗಂಡ ಗ್ಯಾರಿ ಹಂದಿಗಳನ್ನೆಲ್ಲ ಮಾರಿ ವೆಲ್ಡಿಂಗ್ ಶೆಡ್ ಹಾಕಿಕೊಂಡ ವರ್ಷ ಅದು. ಸೇರಿದ ಮೊದಲ ತಿಂಗಳಲ್ಲೇ ಒಂದು ತಪ್ಪು ಮಾಡಿದಳು. ಯಾರೋ ಮಾತಿಗೆ ಮಾತು ಬಂದು ಕೇಳಿದರು, ಇವಳು ಸಹಜವಾಗಿ, “ಆ ಹೊಲ ಈಗ ತಮ್ಮನ ಹೆಸರಲ್ಲೇ ಇದೆಯಲ್ಲ” ಅಂದಳು. ಅಣ್ಣನಿಗೆ ಆ ವಿಷಯ ಗೊತ್ತಿರಲಿಲ್ಲ. ನಮ್ಮಲ್ಲಿ ಎದುರು ಬಂದ ಗಾಡಿಗೆ ಸ್ಟೀರಿಂಗ್ ಮೇಲಿಂದ ಒಂದು ಬೆರಳನ್ನಾದರೂ ಎತ್ತುವುದು ರೂಢಿ. ಗುರುತಿದ್ದರೂ ಎತ್ತುತ್ತಾರೆ, ಇಲ್ಲದಿದ್ದರೂ ಎತ್ತುತ್ತಾರೆ. ಆ ಅಣ್ಣತಮ್ಮಂದಿರು ಇಪ್ಪತ್ತೇಳು ವರ್ಷದಿಂದ ಒಬ್ಬರಿಗೊಬ್ಬರು ಬೆರಳೆತ್ತಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಅಂದಿನಿಂದ ಅರ್ಲೀನ್ ಎರಡು ಪದ್ಧತಿ ಹಾಕಿಕೊಂಡಳು. ಒಬ್ಬರ ಹೊಲದ ಬಗ್ಗೆ ಇನ್ನೊಬ್ಬರು ಏನೇ ಕೇಳಲಿ, ಫೈಲಿನಲ್ಲಿ ಗುಟ್ಟಿರಲಿ ಇಲ್ಲದಿರಲಿ, ಒಂದೇ ಉತ್ತರ: “ಅದನ್ನ ನಾನು ಹೇಳೋ ಹಾಗಿಲ್ಲ.” ಒಂದೇ ದನಿ, ಒಂದೇ ಮುಖ. ಇಲ್ಲದ ಕಡೆ ‘ಏನಿಲ್ಲ’ ಎಂದುಬಿಟ್ಟರೆ, ಇರುವ ಕಡೆ ಸುಮ್ಮನಿದ್ದದ್ದೇ ಸುದ್ದಿಯಾಗುತ್ತದಲ್ಲ. ಎರಡನೆಯದು, ಯಾರಿಗೆ ಏನು ಹೇಳಿದರೂ, ಫೋನಿನಲ್ಲಿ ಹೇಳಿದ್ದಾದರೂ, ತಾರೀಖು ಹಾಕಿ ಅವರವರ ಫೈಲಿನಲ್ಲಿ ಒಂದು ಸಾಲು ಬರೆದಿಡುವುದು. ಈ ಎರಡರಿಂದ ಅವಳಿಗೆ ಕೌಂಟಿಯಲ್ಲಿ ಒಳ್ಳೆಯ ಹೆಸರು ಬಂತು. ಕೊನೆಯ ದಿನ ಹತ್ತಿರ ಬಂದರೆ ತಾನೇ ಮನೆಮನೆಗೆ ಫೋನು ಮಾಡಿ ನೆನಪಿಸುತ್ತಿದ್ದಳು. ಮುದುಕರಿದ್ದ ಕಡೆ ಕಾಗದ ಹಿಡಿದು ತಾನೇ ಹೋಗುತ್ತಿದ್ದಳು.

ಹೋದ ವರ್ಷ ಆಗಸ್ಟಿನಲ್ಲಿ ಲೂಮಿರ್ ಪೊಕೊರ್ನಿ ಬಂದ. ಮಧ್ಯಾಹ್ನ ಊಟದ ಹೊತ್ತು, ಕಾಫಿ ಅಂಗಡಿ ಖಾಲಿಯಿರುವ ಸಮಯ ನೋಡಿಕೊಂಡೇ ಬಂದಿದ್ದ. ಎಪ್ಪತ್ತು ದಾಟಿದ ಮನುಷ್ಯ, ಎಡ ಮಂಡಿ ಮಡಿಸಲು ಬರುತ್ತಿರಲಿಲ್ಲ. ಅವನ ಪಶ್ಚಿಮದ ಗುಡ್ಡ ಹತ್ತು ವರ್ಷದಿಂದ ‘ಸರ್ಕಾರದ ಹುಲ್ಲು’ ಆಗಿತ್ತು. ಅಂದರೆ ಉಳುವಂತಿಲ್ಲ, ದನ ಬಿಡುವಂತಿಲ್ಲ, ಹಕ್ಕಿ ಮೊಟ್ಟೆಯಿಡುವ ಕಾಲ ಮುಗಿದು ಜುಲೈ ಹದಿನೈದು ಆಗುವವರೆಗೆ ಕೊಯ್ಯುವಂತೆಯೂ ಇಲ್ಲ. ಬದಲಿಗೆ ಸರ್ಕಾರ ವರ್ಷವರ್ಷವೂ ಬಾಡಿಗೆ ಕೊಡುತ್ತದೆ. ಆ ಹತ್ತು ವರ್ಷದ ಕರಾರು ಸೆಪ್ಟೆಂಬರಿಗೆ ಮುಗಿಯುವುದಿತ್ತು.

“ಎದುರುಗಡೆ ನಾನು ಏನ್ ಹೇಳ್ಕೊಂಡು ತಿರುಗ್ತಿದೀನಿ ಅಂತ ಕೇಳಿರ್ತೀಯಲ್ಲ?” ಅಂದ.

“ಇಡೀ ಕೌಂಟಿ ಕೇಳಿದೆ. ಸರ್ಕಾರದ ಹಂಗು ಸಾಕು, ಗುಡ್ಡದ ಮೇಲೆ ದನ ಬಿಡ್ತೀನಿ ಅಂದ್ರಂತೆ.”

“ಅಂದೆ. ಮೇಜು ಕುಟ್ಟಿ ಅಂದೆ.” ಲೂಮಿರ್ ಟೋಪಿಯ ಅಂಚನ್ನು ಸುತ್ತಲೂ ತಿರುಗಿಸಿದ. “ಮನೇಗೆ ಹೋದ್ರೆ ಮಿಲಾಡ ಕೇಳ್ತಾಳೆ, ಒಂದು ಮೆಟ್ಲು ಹತ್ತೋಕೆ ಗೋಡೆ ಹಿಡೀತೀರಿ, ಗುಡ್ಡದಲ್ಲಿ ದನದ ಹಿಂದೆ ಓಡೋರು ಯಾರು, ನಿಮ್ಮಪ್ಪನಾ ಅಂತ. ಹುಲ್ಲಿನ ಚೆಕ್ಕು ಬಂದ್ರೆ ತೆರಿಗೆಗೆ, ಚಳಿಗಾಲದ ಗ್ಯಾಸಿಗೆ ಆಗುತ್ತೆ. ಇಲ್ದಿದ್ರೆ ಗುಡ್ಡಾನೇ ಮಾರ್ಬೇಕು. ಎಲ್ಲಿ ಸಹಿ ಹಾಕ್ಲಿ?”

ಇನ್ನೂ ಹತ್ತು ವರ್ಷಕ್ಕೆ ಸಹಿ ಹಾಕಿದ. ಮಿಲಾಡಳ ಸಹಿ ಮೊದಲೇ ಹಾಕಿಸಿಕೊಂಡು ಬಂದಿದ್ದ. ಬಾಗಿಲ ಹತ್ತಿರ ತಿರುಗಿ, “ಯಾರ ಹತ್ರಾನೂ ಅನ್ಬೇಡಮ್ಮ. ನಾನೇ ಒಂದಿನ ನಗ್ತಾ ನಗ್ತಾ ಹೇಳ್ಕೊಳ್ತೀನಿ,” ಅಂದ.

ಆ ದಿನ ಬರಲಿಲ್ಲ. ಈ ಜೂನ್ ಮೊದಲ ವಾರ ಶೆಡ್ಡಿನಲ್ಲಿ ಹುಲ್ಲು ಕೊಯ್ಯುವ ಯಂತ್ರದ ಅಲಗು ಬದಲಿಸುತ್ತಿದ್ದವನು ಹಾಗೇ ಪಕ್ಕಕ್ಕೆ ಒರಗಿದ. ಮಿಲಾಡ ಊಟಕ್ಕೆ ಕರೆಯಲು ಹೋದಾಗ ಕೈಯಲ್ಲಿ ಸ್ಪ್ಯಾನರ್ ಇನ್ನೂ ಹಿಡಿದೇ ಇದ್ದನಂತೆ.

ನಮ್ಮಲ್ಲಿ ಸುಗ್ಗಿಯ ಹೊತ್ತಿನಲ್ಲಿ ಮನೆಯ ಗಂಡಸು ಹೋದರೆ ಅವನ ಹೊಲದ ಕೆಲಸ ಊರಿನದು. ಯಾರೂ ಕರೆಯುವುದಿಲ್ಲ, ಯಾರೂ ಬೇಡ ಎನ್ನುವುದೂ ಇಲ್ಲ. ತಮ್ಮ ಹುಲ್ಲು ಬಿಸಿಲಿಗೆ ಕಾಯುತ್ತಿದ್ದರೂ ಬಿಟ್ಟು ಬರುತ್ತಾರೆ. ಮಣ್ಣು ಮಾಡಿದ ಮರುವಾರ, ಗುರುವಾರ ಬೆಳಿಗ್ಗೆ, ಪೊಕೊರ್ನಿಯವರ ಪಕ್ಕದ ಹೊಲದ ಡೆಲ್ಮರ್ ಕೂಬೆಕ್ ಕಚೇರಿಗೆ ಬಂದು ಮೇಜಿಗೆ ಮೊಣಕೈ ಊರಿದ.

“ಶನಿವಾರ ಲೂಮಿರ್ ಹುಲ್ಲು ಕೊಯ್ದು ಹಾಕ್ತಿದೀವಿ. ಹನ್ನೊಂದು ಯಂತ್ರ ಬರ್ತಿದೆ. ನಿನ್ ಗಂಡನ್ನೂ ಕರ್ಕೊಂಡ್ ಹೋಗ್ತೀನಿ, ಏನಾದ್ರೂ ಮುರಿದ್ರೆ ಬೆಸುಗೆ ಹಾಕೋಕೆ. ಮಿಲಾಡಂಗೆ ಹೇಳಿಲ್ಲ, ಹೇಳಿದ್ರೆ ಅಡುಗೆಗೆ ಕೂತ್ಕೋತಾಳೆ. ಒಂದೇ ಒಂದು ಮಾತು ಹೇಳು. ಹಳ್ಳದ ಹುಲ್ಲು ಅವನದ್ದೇ, ಸರಿ. ಆ ಪಶ್ಚಿಮದ ಗುಡ್ಡ? ಅದರ ಹತ್ತು ವರ್ಷ ಮುಗೀತು, ಬಿಟ್ಟೆ ಅಂತಿದ್ನಲ್ಲ?”

“ಅದನ್ನ ನಾನು ಹೇಳೋ ಹಾಗಿಲ್ಲ ಡೆಲ್ಮರ್. ಮಿಲಾಡನ್ನ ಕೇಳು.”

“ಅವಳಿಗೆ ಗೊತ್ತಾಗಬಾರ್ದು ಅಂತಾನೇ ನಿನ್ನ ಕೇಳ್ತಿರೋದು.”

“ಹಾಗಾದ್ರೆ ನಿನಗೆ ಹೇಳಬಹುದು ಅಂತ ಅವರಿಂದ ಒಂದು ಸಹಿ ತಗೊಂಡು ಬಾ. ದಯವಿಟ್ಟು ಕೇಳು ಅವರನ್ನ.”

“ಸತ್ತು ಹತ್ತು ದಿನ ಆಗಿಲ್ಲ, ಹೆಂಡ್ತಿ ಕೈಲಿ ಫಾರಂ ತುಂಬಿಸ್ಲಾ?” ಡೆಲ್ಮರ್ ನಕ್ಕು ಬಟ್ಟಲಿನಿಂದ ಒಂದು ಮಿಠಾಯಿ ಎತ್ತಿಕೊಂಡ. “ನೀನು ಸ್ವರ್ಗಕ್ಕೆ ಹೋದಾಗ ಬಾಗಿಲಲ್ಲಿ ಹೆಸರೇನು ಅಂತ ಕೇಳ್ತಾರೆ ನೋಡು. ಆಗಲೂ ನಾನು ಹೇಳೋ ಹಾಗಿಲ್ಲ ಅಂದ್ಬಿಟ್ಟೀಯಾ, ಹೊರಗೇ ನಿಲ್ಲಿಸ್ತಾರೆ!”

ಅವನು ಹೋದ ಮೇಲೆ ಅರ್ಲೀನ್ ಬಹಳ ಹೊತ್ತು ಯೋಚಿಸಿದಳು. ಅವನಿಗೆ ಹೇಳುವಂತಿರಲಿಲ್ಲ, ಅವನ ಶನಿವಾರದ ಗುಟ್ಟನ್ನು ಮಿಲಾಡಳಿಗೆ ಒಡೆಯಲೂ ಮನಸ್ಸಾಗಲಿಲ್ಲ, ಆದರೆ ಹೊಲದ ಒಡತಿಗೆ ನೆನಪು ಮಾಡುವುದು ತಪ್ಪಲ್ಲವಲ್ಲ. ಮಿಲಾಡಳಿಗೆ ಫೋನು ಮಾಡಿದಳು. ಮಿಲಾಡ ಶಾಲೆಯ ಅಡುಗೆಮನೆಯಲ್ಲಿ ಇಪ್ಪತ್ತು ವರ್ಷ ದುಡಿದವಳು, ಅರ್ಲೀನಳ ಎರಡು ಮಕ್ಕಳಿಗೂ ಉಣ್ಣಲು ಬಡಿಸಿದವಳು.

“ಮಿಲಾಡ, ಗುಡ್ಡದ ಹುಲ್ಲು ಜುಲೈ ಹದಿನೈದರವರೆಗೆ ಕೊಯ್ಯೋ ಹಾಗಿಲ್ಲ. ನೆನಪಿದೆ ಅಲ್ವಾ?”

“ಇದೆ. ಯಾರು ಕೊಯ್ತಾರೆ ಈಗ? ಕೊಯ್ಯೋನು ಹೋದ್ನಲ್ಲ.”

“ಸುಮ್ನೆ ನೆನಪು ಮಾಡ್ದೆ. ಊಟ ಮಾಡಿದ್ರಾ?”

“ಮಾಡ್ದೆ ಕಣಮ್ಮ. ಯಾರ್ಯಾರೋ ತಂದುಕೊಟ್ಟಿದ್ದು ಫ್ರಿಜ್ಜಲ್ಲಿ ಹಿಡಿಸ್ತಿಲ್ಲ.”

ಫೋನಿಟ್ಟು, ಅಭ್ಯಾಸದಂತೆ, ಪೊಕೊರ್ನಿ ಫೈಲಿನಲ್ಲಿ ಒಂದು ಸಾಲು ಬರೆದಳು: ‘ಕೊಯ್ಲಿನ ನಿಷೇಧದ ಬಗ್ಗೆ ಒಡತಿಗೆ ಫೋನಿನಲ್ಲಿ ತಿಳಿಸಲಾಗಿದೆ.’ ತಾರೀಖು ಹಾಕಿದಳು. ಎದೆ ಹಗುರವಾಯಿತು.

ಶನಿವಾರ ಸಂಜೆ ಗ್ಯಾರಿ ಮೈತುಂಬ ಹುಲ್ಲಿನ ಧೂಳು ಹೊತ್ತು ಮನೆಗೆ ಬಂದ. ಅರ್ಲೀನ್ ಆಲೂಗಡ್ಡೆ ಸುಲಿಯುತ್ತಿದ್ದಳು. ಅವನು ಕೈ ತೊಳೆಯುತ್ತಲೇ ಶುರುಮಾಡಿದ.

“ನೀನು ನೋಡ್ಬೇಕಿತ್ತು. ಹನ್ನೊಂದು ಯಂತ್ರ, ಮೆರವಣಿಗೆ ಇದ್ದಂಗೆ! ಹನ್ನೆರಡು ಗಂಟೆಗೆಲ್ಲ ಹಳ್ಳದ ಹುಲ್ಲು ಮುಗೀತು. ಮಿಲಾಡ ಕಾಫಿ ತಂದ್ಲು, ಗಸಗಸೆ ಹೂರಣದ ಕೊಲಾಚೆ ಬನ್ನು ತಂದ್ಲು. ಅದೇನ್ ಮಾಯೆನೋ, ಗಂಟೆ ಹೊತ್ತಲ್ಲಿ ಅಷ್ಟೊಂದು ಬೇಯಿಸಿದ್ಲು. ಡೆಲ್ಮರ್ ಗುಡ್ಡದ ಕಡೆ ನೋಡಿ, ಇಷ್ಟಕ್ಕೇ ಮನೇಗೆ ಹೋಗೋದಾ, ಲೂಮಿರ್ ನಗ್ತಾನೆ ಅಂದ. ಎಲ್ಲರೂ ಹತ್ತಿದ್ವಿ.”

“ಗುಡ್ಡಾನಾ?”

“ಇಡೀ ಗುಡ್ಡ. ಮೂರು ಗಂಟೆಗೆ ಬೋಳು.”

“ಮಿಲಾಡ ಏನೂ ಅನ್ಲಿಲ್ವಾ?”

“ಏನಂತಾಳೆ? ಬೇಲಿ ಹಿಡ್ಕೊಂಡು ನಿಂತಿದ್ಲು. ಅಳ್ತಿದ್ಲು ಪಾಪ. ಡೆಲ್ಮರೂ ಅತ್ತ.”

ಅರ್ಲೀನ್ ಕೈಯಲ್ಲಿದ್ದ ಆಲೂಗಡ್ಡೆಯನ್ನು ಸುಲಿಯುತ್ತಲೇ ಹೋದಳು. ಸಿಪ್ಪೆಯೆಲ್ಲ ಮುಗಿದ ಮೇಲೂ ಸುಲಿದಳು. ಗ್ಯಾರಿ ತಟ್ಟೆಗೆ ಬಂದದ್ದನ್ನು ನೋಡಿ, “ಇದೇನೇ, ಕೋಳಿಮೊಟ್ಟೆಗಿಂತ ಚಿಕ್ಕದಾಗಿದೆ,” ಅಂದ.

ಮಂಗಳವಾರ ಹುಲ್ಲು ಒಣಗಿತು. ನಾಲ್ವರು ಮತ್ತೆ ಬಂದು ದೊಡ್ಡ ದೊಡ್ಡ ಉಂಡೆ ಕಟ್ಟಿ, ರಸ್ತೆಯ ಬೇಲಿಯುದ್ದಕ್ಕೂ ಸಾಲಾಗಿ ಇಟ್ಟುಹೋದರು. ಆ ಮೂರು ದಿನ ಅರ್ಲೀನ್ ಒಂದೇ ಆಸೆ ಇಟ್ಟುಕೊಂಡಿದ್ದಳು. ಸರ್ಕಾರದ ಹುಲ್ಲು ಕೌಂಟಿಯಲ್ಲಿ ಇನ್ನೂರಕ್ಕೂ ಹೆಚ್ಚು ಕಡೆ ಇದೆ. ವರ್ಷಕ್ಕೊಮ್ಮೆ ಚೀಟಿಯೆತ್ತಿದ ಹಾಗೆ ಕಂಪ್ಯೂಟರು ಏಳೆಂಟನ್ನು ಆರಿಸುತ್ತದೆ, ಅವನ್ನಷ್ಟೇ ಕಣ್ಣಾರೆ ನೋಡಿ ಬರುತ್ತಾರೆ. ಮಳೆ ಬಿದ್ದರೆ ಮೂರು ವಾರದಲ್ಲಿ ಹುಲ್ಲು ಚಿಗುರುತ್ತದೆ.

ಬುಧವಾರ ತನಿಖೆಯ ಜಾನಿಸ್ ಪಟ್ಟಿ ಹಿಡಿದು ಬಂದಳು. ಏಳು ಹೆಸರಿತ್ತು. ನಾಲ್ಕನೆಯದು ಪೊಕೊರ್ನಿ.

ಗೇಟು ತೆಗೆಯಲು ಜೊತೆಗೆ ಹೋಗುವುದು ಅರ್ಲೀನಳ ಕೆಲಸ. ಹೋದಳು. ಗುಡ್ಡ ಬೇಸಿಗೆ ರಜೆಗೆ ತಲೆ ಬೋಳಿಸಿದ ಹುಡುಗನ ಹಾಗಿತ್ತು. ಕೂಳೆಯ ನಡುವೆ ಕಾಡುಕೋಳಿಯ ಒಂದು ಗೂಡು, ಒಡೆದ ಮೊಟ್ಟೆಯ ಚಿಪ್ಪು. ಜಾನಿಸ್ ಕೆಟ್ಟ ಹೆಂಗಸಲ್ಲ. ಉಂಡೆಗಳನ್ನು ಎಣಿಸಲಿಲ್ಲ, ಬೈಯಲೂ ಇಲ್ಲ. ಫೋಟೋ ತೆಗೆದಳು.

“ಗಂಡ ತೀರಿಕೊಂಡು ಎಷ್ಟು ದಿನ ಆಯ್ತು?” ಎಂದು ಕೇಳಿದಳು.

“ಎರಡು ವಾರ.”

“ದೇವರೇ. ಈ ಪಟ್ಟೀಲಿ ಇವರ ಹೆಸರು ಬರದೇ ಇದ್ದಿದ್ರೆ ಚೆನ್ನಾಗಿತ್ತು.” ಕ್ಯಾಮೆರಾವನ್ನು ಚೀಲಕ್ಕೆ ಹಾಕುತ್ತ ಅಂದಳು, “ಒಡತಿಗೆ ಗೊತ್ತಿಲ್ದೆ ಆಗಿದ್ರೆ ದಾರಿ ಇದೆ ಅರ್ಲೀನ್. ಸಣ್ಣ ದಂಡ ಹಾಕಿ ಕರಾರು ಉಳಿಸಬಹುದು. ಗೊತ್ತಿಲ್ದೆ ಆಗಿದ್ರೆ.”

ಅರ್ಲೀನಳಿಗೆ ತಾನು ಬರೆದಿಟ್ಟ ಸಾಲು ಕಣ್ಣ ಮುಂದೆ ಬಂತು. ತಾರೀಖಿನ ಸಮೇತ ಬಂತು. ನೀಲಿ ಶಾಯಿ, ತನ್ನದೇ ದುಂಡನೆಯ ಅಕ್ಷರ. ಹರಿದು ಬಿಸಾಡೋಣವೆಂದರೆ ಮರುದಿನವೇ ಅದನ್ನು ಕಂಪ್ಯೂಟರಿಗೂ ಏರಿಸಿದ್ದಳು. ಇಪ್ಪತ್ತೇಳು ವರ್ಷದಲ್ಲಿ ಒಂದು ದಿನವೂ ತಪ್ಪಿಸದ ಕೆಲಸ.

ಶುಕ್ರವಾರ ಹೇಳಿಕೆ ಕೊಡಲು ಮಿಲಾಡ ಬಂದಳು. ಚರ್ಚಿಗೆ ಉಡುವ ಅಂಗಿ ಹಾಕಿಕೊಂಡು ಬಂದಿದ್ದಳು, ಕೈಯಲ್ಲಿ ಒಂದು ಡಬ್ಬಿ ಕೊಲಾಚೆ. ಅರ್ಲೀನ್ ಬಾಗಿಲು ಮುಂದೆ ಮಾಡಿ ಎದುರು ಕೂತಳು. ಹೀಗೆ ಬರೆಯಿರಿ, ಹಾಗೆ ಬರೆಯಿರಿ ಎಂದು ಹೇಳಿಕೊಡುವಂತಿರಲಿಲ್ಲ. ಆದಷ್ಟು ಸುತ್ತಿ ಬಳಸಿ ಕೇಳಿದಳು.

“ಮಿಲಾಡ, ನಾನು ಫೋನ್ ಮಾಡ್ದಾಗ ನಿಮಗೆ ದುಃಖದಲ್ಲಿ ಸರಿಯಾಗಿ ಕೇಳಿಸಿರಲಿಕ್ಕಿಲ್ಲ. ಅಲ್ವಾ?”

“ಕೇಳಿಸ್ತು.”

“ಕೇಳಿಸಿದ್ರೂ ಮನಸ್ಸಿಗೆ ಹತ್ತಿರಲ್ಲ. ಅಂಥಾ ಹೊತ್ತಲ್ಲಿ ಯಾರಿಗೂ ಹತ್ತಲ್ಲ.”

“ಹತ್ತಿತ್ತು ಕಣಮ್ಮ. ಜುಲೈ ಹದಿನೈದು ಅಂದೆ. ಕ್ಯಾಲೆಂಡರಲ್ಲಿ ಗುರುತೂ ಹಾಕ್ದೆ.” ಮಿಲಾಡ ಪೆನ್ನು ತೆಗೆದುಕೊಂಡಳು. “ಅವರು ಗುಡ್ಡ ಹತ್ತೋವಾಗ ಬೇಲಿ ತನಕ ಓಡಿದೆ. ಕೈ ಎತ್ತಿ ನಿಲ್ಲಿಸ್ಬೇಕು ಅಂತಾನೇ ಓಡಿದೆ. ಡೆಲ್ಮರ್ ಮುಂದಿನ ಯಂತ್ರದಲ್ಲಿದ್ದ. ಕೈ ಎತ್ತಿದ್ದು ನೋಡಿ, ನಾನು ಹೋಗಿ ಬನ್ನಿ ಅಂತಿದೀನಿ ಅಂದ್ಕೊಂಡ. ಟೋಪಿ ತೆಗೆದು ಬೀಸಿದ. ಅವನ ಕಣ್ಣಲ್ಲಿ ನೀರು. ಅವನ ಹುಲ್ಲು ಅಲ್ಲಿ ಕೊಯ್ದು ಬಿದ್ದಿದೆ, ಆಕಾಶದಲ್ಲಿ ಮೋಡ ಇದೆ, ಅದನ್ನ ಬಿಟ್ಟು ನನ್ನ ಗಂಡನಿಗೋಸ್ಕರ ಬಂದಿದಾನೆ. ಅವನಿಗೆ ನಿಲ್ಲು, ಇದು ಸರ್ಕಾರದ್ದು ಅಂತ ಕೂಗೋಕೆ ನನ್ನ ಕೈಲಿ ಆಗ್ಲಿಲ್ಲ. ಲೂಮಿರ್ ಎಲ್ಲರ ಮುಂದೆ ಬಿಟ್ಟೆ ಅಂದು, ಕದ್ದು ಬಂದು ಸಹಿ ಹಾಕಿದ್ನಲ್ಲ. ಹನ್ನೊಂದು ಜನರ ಎದುರಿಗೆ ಅದನ್ನೂ ಹೇಳ್ಬೇಕಾಗ್ತಿತ್ತು.”

ಅದನ್ನೆಲ್ಲ ಅವಳು ಬರೆಯಲಿಲ್ಲ. ‘ನನಗೆ ಗೊತ್ತಿತ್ತು. ನಿಲ್ಲಿಸಲಿಲ್ಲ,’ ಎಂದಷ್ಟೇ ಬರೆದಳು. ಅರ್ಲೀನ್ ಇನ್ನೊಂದು ಖಾಲಿ ಹಾಳೆಯನ್ನು ಮೆಲ್ಲಗೆ ಅವಳತ್ತ ಸರಿಸಿದಳು.

“ಇನ್ನೊಂದು ಹಾಳೆ ಇದೆ ಮಿಲಾಡ. ನಿಧಾನವಾಗಿ ಯೋಚನೆ ಮಾಡಿ...”

“ನಿನ್ನ ಸಾಲು ಒಳಗಡೆ ಇರುತ್ತಲ್ಲ. ನೀನು ಹೇಳಿದೀನಿ ಅಂತ ಬರ್ದಿರ್ತೀಯ, ನಾನು ಕೇಳಿಲ್ಲ ಅಂತ ಬರ್ದರೆ ಸುಳ್ಳಿ ಆಗೋರು ಇಬ್ಬರಲ್ಲಿ ಒಬ್ಬರು.” ಹಾಳೆಯನ್ನು ಹಿಂದಕ್ಕೆ ಸರಿಸಿದಳು. “ನನಗೆ ನೀನು ಒಂದೇ ಒಂದು ಮಾಡ್ಬೇಕು. ಇದು ಯಾರಿಗೂ ಗೊತ್ತಾಗಬಾರ್ದು. ಡೆಲ್ಮರಿಗೆ ಗೊತ್ತಾದ್ರೆ ಮನೇಲಿರೋ ಹಸು ಮಾರಿ ದುಡ್ಡು ತರ್ತಾನೆ. ಅದೂ ಹೋಗ್ಲಿ. ನಾಳೆ ಇನ್ನೊಬ್ಬರ ಮನೇಲಿ ಗಂಡಸು ಸತ್ರೆ, ಒಬ್ಬೊಬ್ಬನೂ ಯಂತ್ರ ಹತ್ತೋ ಮುಂಚೆ ನಿನ್ನ ಮೇಜಿನ ಮುಂದೆ ಬಂದು ನಿಲ್ತಾನೆ. ನೀನು ಹೇಳೋ ಹಾಗಿಲ್ಲ ಅಂತೀಯ. ಅಲ್ಲಿಗೆ ಮುಗೀತು, ಯಾರ ಹೊಲಕ್ಕೂ ಯಾರೂ ಹೋಗಲ್ಲ.”

“ನಿಮ್ಮನ್ನ ಏನಂದ್ಕೋತಾರೆ ಮಿಲಾಡ?”

“ಅಂದ್ಕೊಳ್ಳಲಿ. ಮುನ್ನೂರು ಮಕ್ಕಳಿಗೆ ಅಡುಗೆ ಮಾಡಿದೀನಿ, ಉಪ್ಪು ಜಾಸ್ತಿ ಅನ್ನಿಸ್ಕೊಳ್ಳದೆ ಒಂದಿನ ಮನೇಗೆ ಹೋಗಿಲ್ಲ.” ಡಬ್ಬಿ ಮುಂದಕ್ಕೆ ತಳ್ಳಿದಳು. “ತಿನ್ನು. ಮೊಮ್ಮಕ್ಕಳಿಗೂ ತಗೊಂಡ್ಹೋಗು.”

ಜುಲೈಯಲ್ಲಿ ಸಮಿತಿ ಕೂತಿತು. ಕೌಂಟಿಯ ಇನ್ನೊಂದು ಕೊನೆಯ ಮೂವರು ರೈತರು, ಅವರೂ ಬಾಯಿಗೆ ಬೀಗ ಹಾಕಿಕೊಳ್ಳಬೇಕಾದವರೇ. ಮಿಲಾಡಳ ಹೇಳಿಕೆಯನ್ನು ಎರಡು ಬಾರಿ ಓದಿದರು. ಒಬ್ಬ, “ಗೊತ್ತಿತ್ತು ಅಂತ ಯಾಕೆ ಬರ್ದ್ಲೋ ಈ ಪುಣ್ಯಾತ್ಗಿತ್ತಿ,” ಎಂದು ಹಣೆ ಒತ್ತಿಕೊಂಡ. ಕರಾರು ರದ್ದಾಯಿತು. ಮುಂದಿನ ಹತ್ತು ವರ್ಷದ ಚೆಕ್ಕು ಹೋಯಿತು, ಮೇಲೆ ದಂಡ. ಆ ಉಂಡೆಗಳನ್ನು ಮಾರುವಂತಿಲ್ಲ, ದನಕ್ಕೆ ಹಾಕುವಂತೆಯೂ ಇಲ್ಲ ಎಂಬ ಷರತ್ತು ಬೇರೆ. ಆ ಕಾಗದವನ್ನು ಟೈಪ್ ಮಾಡಿ, ಮಡಿಸಿ, ಲಕೋಟೆಗೆ ಹಾಕಿ, ನಾಲಿಗೆಯಿಂದ ಅಂಟು ಸವರಿದವಳು ಅರ್ಲೀನಳೇ. ಬೇರೆ ಯಾರೂ ಇರಲಿಲ್ಲ.

ಸೆಪ್ಟೆಂಬರಿನಲ್ಲಿ ಗುಡ್ಡ ಮಾರಾಟವಾಯಿತು. ವಯಸ್ಸಾಯಿತು, ನೋಡಿಕೊಳ್ಳಲು ಆಗುವುದಿಲ್ಲ ಎಂದು ಮಿಲಾಡ ಚರ್ಚಿನಲ್ಲಿ ಕೇಳಿದವರಿಗೆಲ್ಲ ಹೇಳಿದಳು. ಕೊಂಡವನು ಪಕ್ಕದ ಕೌಂಟಿಯವನು. ಡೆಲ್ಮರ್ ಮೂರು ದಿನ ಕಾಫಿ ಅಂಗಡಿಯ ಕಡೆಗೇ ಬರಲಿಲ್ಲವಂತೆ. ನಾಲ್ಕನೆಯ ದಿನ ಬಂದು, “ನಮ್ಮನ್ನೊಂದು ಮಾತು ಕೇಳಬಹುದಿತ್ತು,” ಅಂದನಂತೆ. ಹಾಗೆ ಅಂದದ್ದು ಊರೆಲ್ಲ ಹರಡಿತು.

ಅಕ್ಟೋಬರಿನ ಒಂದು ಭಾನುವಾರ, ಚರ್ಚಿಗೆ ಹೋಗುವಾಗ, ಗ್ಯಾರಿ ಆ ಬೇಲಿಯ ಪಕ್ಕ ಗಾಡಿ ನಿಧಾನ ಮಾಡಿದ. ಗುಡ್ಡ ಕಪ್ಪಗೆ ಉತ್ತುಬಿಟ್ಟಿತ್ತು. ರಸ್ತೆಬದಿಯ ಉಂಡೆಗಳು ಮಳೆ ಕುಡಿದು ಕುಸಿದಿದ್ದವು; ಮೇಲೆ ಬೂಷ್ಟು.

“ನೋಡು,” ಅಂದ. “ಒಂದು ಉಂಡೆ ಮುಟ್ಟಿಲ್ಲ. ಮಾರಿದ್ರೆ ಮಾರ್ಕೊಳ್ಳಲಿ, ಅವಳ ಗುಡ್ಡ. ನಾವು ಕಟ್ಟಿದ ಹುಲ್ಲನ್ನ ಯಾರಿಗಾದ್ರೂ ಸುಮ್ನೆ ಕೊಡಬಹುದಿತ್ತಲ್ಲ? ಡೆಲ್ಮರನ ಒಣಗಿದ ಹುಲ್ಲು ಅವತ್ತು ರಾತ್ರಿ ಮಳೇಲಿ ನೆಂದು ಹಾಳಾಗಿ ಹೋಯ್ತು, ಗೊತ್ತಾ ನಿಂಗೆ? ಇದನ್ನ ಕೊಳೆಸ್ತಾ ಕೂತಿದಾಳೆ. ಯಾಕೆ ಹಿಂಗ್ ಮಾಡಿದ್ಲು? ನಿಮ್ಮ ಕಚೇರಿದೇನಾದ್ರೂ ಇತ್ತಾ?”

“ಅದನ್ನ ನಾನು ಹೇಳೋ ಹಾಗಿಲ್ಲ,” ಅಂದಳು ಅರ್ಲೀನ್. ಅದೇ ದನಿ, ಅದೇ ಮುಖ.

ಅವನು ಅವಳತ್ತ ತಿರುಗಿ ಮುಖದಲ್ಲಿ ಒಂದು ಕ್ಷಣ ಹುಡುಕಿದ. ಇಪ್ಪತ್ತೇಳು ವರ್ಷದಿಂದ ಯಾವುದಕ್ಕೂ ಅದೇ ಉತ್ತರ ಕೇಳಿದ್ದ ಗಂಡನಿಗೆ ಅಲ್ಲಿ ಏನೂ ಸಿಗಲಿಲ್ಲ.

“ಅಲ್ಲ ಮಾರಾಯ್ತಿ, ನಮ್ಮ ಗಾಡೀಲೂ ಕಚೇರಿನಾ?” ಎಂದು ಮುಂದೆ ನೋಡಿದ.

ಎದುರಿನಿಂದ ಮಿಲಾಡಳ ಹಳೆಯ ಬೂದು ಕಾರು ಬರುತ್ತಿತ್ತು. ದೂರದಿಂದಲೇ ಅವಳ ಬೆರಳು ಸ್ಟೀರಿಂಗ್ ಮೇಲೆ ಎದ್ದು ನಿಂತದ್ದು ಕಂಡಿತು. ಅರ್ಲೀನ್ ಗಂಡನ ಕೈಯನ್ನು ನೋಡಿದಳು. ವೆಲ್ಡಿಂಗ್ ಕಿಡಿಯ ಕಲೆ ತುಂಬಿದ ಆ ಕೈ, ಗುರುತಿಲ್ಲದ ಲಾರಿಗಳಿಗೂ ಬೆರಳೆತ್ತುವ ಕೈ, ಸ್ಟೀರಿಂಗನ್ನು ಬಿಗಿಯಾಗಿ ಹಿಡಿದುಕೊಂಡೇ ಇತ್ತು. ಕಾರು ಪಕ್ಕಕ್ಕೆ ಬಂತು. ಅರ್ಲೀನ್ ತನ್ನ ಕೈಯೆತ್ತಿದಳು, ಬೆರಳಲ್ಲ, ಪೂರ್ತಿ ಕೈ. ಬೆಳಗಿನ ಬಿಸಿಲು ಗಾಜಿನ ಮೇಲೆ ಬೀಳುತ್ತಿತ್ತು. ಆ ಕಡೆಯಿಂದ ನೋಡಿದವರಿಗೆ ಬೆಳಕಲ್ಲದೆ ಬೇರೇನೂ ಕಂಡಿರಲಾರದು.